ಬಾದಶಾನ ಮೈಗೆ ಹಚ್ಚಿದ ಗಂಜಿ

ಬಾದಶಾನನ್ನು ಕೊಂದದ್ದು ಗೌರಕ್ಕ ಅಲ್ಲ, ನಾನು.

ಈ ಒಂದು ಸಾಲು ಹೇಳಲು ನನಗೆ ಇಷ್ಟು ವರ್ಷ ಬೇಕಾದವು. ಬಾದಶಾ ಅಂದರೆ ನಾಯಿ, ಬೆಟಗೇರಿಯ ನಮ್ಮ ಓಣಿಯ ಬೀದಿನಾಯಿ. ಒಂದು ನಾಯಿ ಸತ್ತದ್ದಕ್ಕೆ ಇಷ್ಟು ಗೋಳೇ ಅಂತ ನಗುವವರು ನಗಲಿ. ನಾನೂ ಎಷ್ಟೋ ಸಲ ಹಾಗೆ ನಕ್ಕು ಮರೆಯಲು ನೋಡಿದ್ದೇನೆ, ಆಗಿಲ್ಲ. ಸತ್ತದ್ದು ನಾಯಿ ಖರೆ, ಆದರೆ ಅದರ ಹಿಂದೆ ಒಬ್ಬ ಹೆಂಗಸು ಮಗ್ಗ ಬಿಟ್ಟಳು, ಮನೆ ಬಿಟ್ಟಳು, ವಿಷ ಹಾಕಿದಾಕೆ ಅನ್ನುವ ಹೆಸರು ಹೊತ್ತು ಊರೇ ಬಿಟ್ಟಳು. ಅದನ್ನು ಒಂದೇ ಮಾತಿನಿಂದ ತಡೆಯಬಹುದಾಗಿದ್ದವಳು ಇಡೀ ಓಣಿಯಲ್ಲಿ ನಾನೊಬ್ಬಳೇ. ಅವತ್ತು ನಾನು ಬಾಯಿ ತೆರೆಯಲಿಲ್ಲ ಅಂತಲ್ಲ. ತೆರೆದೆ — ಆದರೆ ಹೇಳಿದ್ದು ಬೇರೆ ಮಾತು.

ನಾನು ಅಡರಕಟ್ಟಿಯ ಮಗಳು. ಅಪ್ಪನ ಕಾಲಕ್ಕೇ ಮಗ್ಗ ಬಿಟ್ಟು ಹೊಲ ನೆಚ್ಚಿಕೊಂಡ ಮನೆ ನಮ್ಮದು. ಬೆಟಗೇರಿಗೆ ಸೊಸೆಯಾಗಿ ಬಂದಾಗ ನೇಯ್ಗೆ ಅಂದರೆ ಏನಂತ ಗೊತ್ತಿರಲಿಲ್ಲ. ಕಲಿಯಲು ತಡವಾಗಲಿಲ್ಲ, ಕಲಿತೆ ಅಂತ ಎಲ್ಲರಿಗೂ ಹೇಳಿಕೊಂಡು ತಿರುಗಲೂ ತಡವಾಗಲಿಲ್ಲ. ಯಾರಿಗಾದರೂ ನೆಗಡಿಯಾದರೆ ನನ್ನ ಹತ್ತಿರ ಕಷಾಯ, ಕೂಸಿಗೆ ಹೊಟ್ಟೆ ನುಲಿದರೆ ಅಜವಾನದ ನೀರು, ಮಂಚದಲ್ಲಿ ತಗಣಿಯಾದರೆ ಅದಕ್ಕೊಂದು ಉಪಾಯ. “ಶಕುಂತಲಾನ್ನ ಕೇಳ್ರಿ, ಆಕಿ ಕಡೆ ಎಲ್ಲಾದಕ್ಕೂ ಮದ್ದ ಐತಿ” ಅಂತ ನಮ್ಮ ಅತ್ತೆ ಅನ್ನುವರು. ಅರ್ಧ ಹೊಗಳಿಕೆ, ಅರ್ಧ ಕುಟುಕು. ನಾನು ಹೊಗಳಿಕೆಯ ಅರ್ಧವನ್ನಷ್ಟೇ ಕಿವಿಗೆ ಹಾಕಿಕೊಳ್ಳುತ್ತಿದ್ದೆ.

ಆಗ ಓಣಿಯ ಮನೆಮನೆಗೂ ಕುಣಿಮಗ್ಗ ಇತ್ತು. ನೆಲದಲ್ಲಿ ಕುಣಿ ತೋಡಿ, ಅದರಲ್ಲಿ ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗ. ಮಗ್ಗಕ್ಕೆ ಏರಿಸುವ ಮೊದಲು ಹಾಸಿನ ನೂಲಿಗೆ, ಅಂದರೆ ಸೀರೆಯ ಉದ್ದದ ಎಳೆಗಳಿಗೆ, ಗಂಜಿ ಕುಡಿಸಬೇಕು. ಅದು ಮನೆಯೊಳಗೆ ಆಗುವ ಕೆಲಸವಲ್ಲ. ಬೆಳಕು ಹರಿಯುತ್ತಲೇ ಓಣಿಯ ಉದ್ದಕ್ಕೂ ನೂಲನ್ನು ಜಗ್ಗಿ ಕಟ್ಟಿ, ಮೈದಾ ಹಿಟ್ಟಿನ ಗಂಜಿ ಹಚ್ಚಿ, ದೊಡ್ಡ ಕುಂಚದಿಂದ ತಿಕ್ಕುತ್ತ ಹೋಗಬೇಕು. ಬಿಸಿಲು ಏರುವುದರೊಳಗೆ ಎಳೆಗೆ ಎಳೆ ಅಂಟದಂತೆ ಒಣಗಿಸಬೇಕು. ಒಬ್ಬರಿಂದ ಆಗದು. ಎರಡೂ ತುದಿಗೆ ಜನ ಬೇಕು, ನಡುವೆ ಕುಂಚ ಹಿಡಿಯುವವರು ಬೇಕು. ಇವತ್ತು ನಿಮ್ಮ ಹಾಸು ಹಿಡಿಯಲು ನಾವು ಬಂದರೆ ನಾಳೆ ನಮ್ಮ ಹಾಸು ಹಿಡಿಯಲು ನೀವು. ಅದಕ್ಕೆ ಕೂಲಿಯಿಲ್ಲ, ಕರೆಯುವ ಪದ್ಧತಿಯೂ ಇಲ್ಲ. ಓಣಿಯಲ್ಲಿ ಕುಂಚದ ಸದ್ದಾದರೆ ಚಹಾ ಕೆಳಗಿಟ್ಟು ಎದ್ದು ಬರಬೇಕು, ಅಷ್ಟೇ.

ಗೌರಕ್ಕನ ಮನೆ ನಮ್ಮ ಎದುರಿಗೆ. ನನಗಿಂತ ಹತ್ತು-ಹನ್ನೆರಡು ವರ್ಷ ದೊಡ್ಡವಳು. ಗಂಡ ತೀರಿಕೊಂಡ ಮೇಲೆ ಅವನ ಮಗ್ಗದಲ್ಲಿ ತಾನೇ ಕೂತು ನೇಯುತ್ತಿದ್ದಳು. ಮಕ್ಕಳಿಲ್ಲ. ಬಾಯಿ ಜೋರು, ಕೈ ಅದಕ್ಕಿಂತ ಜೋರು. ಅವಳು ನೇಯ್ದ ಸೀರೆಯ ಅಂಚು ನೋಡಿ ಗಂಡಸರು ಸುಮ್ಮನಾಗುತ್ತಿದ್ದರು. ಅವಳ ಸಿಟ್ಟು ಹಾಲು ಉಕ್ಕಿದ ಹಾಗೆ, ಬರುವುದೂ ಜಲ್ದಿ, ಇಳಿಯುವುದೂ ಜಲ್ದಿ. ಇದು ಓಣಿಗೆಲ್ಲ ಗೊತ್ತಿದ್ದ ಸಂಗತಿ — ಗೊತ್ತಿದ್ದೂ ಎಲ್ಲರೂ ಅದನ್ನು ಒಂದೇ ದಿನದಲ್ಲಿ ಮರೆತರು.

ಇನ್ನು ಬಾದಶಾ. ಅದು ಯಾರ ನಾಯಿಯೂ ಅಲ್ಲ, ಎಲ್ಲರದೂ. ಕಂದು ಮೈ, ಮಡಚಿದ ಕಿವಿ. ಓಣಿಯ ನಟ್ಟನಡುವೆ ಮೈಚಾಚಿ ಮಲಗಿದರೆ ಸೈಕಲ್ಲು, ತಳ್ಳುಗಾಡಿ, ಆಟೋ ಎಲ್ಲವೂ ಬಳಸಿಕೊಂಡು ಹೋಗಬೇಕು, ಅದಕ್ಕೇ ಆ ಹೆಸರು. ಗಂಜಿ ಅಂದರೆ ಅದಕ್ಕೆ ಪ್ರಾಣ. ಹಾಸು ಎತ್ತಿಕೊಂಡು ಹೋದ ಮೇಲೆ ನೆಲಕ್ಕೆ ಸೋರಿದ ಗಂಜಿಯನ್ನೆಲ್ಲ ನೆಕ್ಕಿ ನೆಕ್ಕಿ ತೆಗೆಯುತ್ತಿತ್ತು. ನಮ್ಮ ಕಾಲಿಗೆ ಅಂಟಿದ್ದನ್ನೂ ಬಿಡುತ್ತಿರಲಿಲ್ಲ. ದಿನಾ ನೋಡುತ್ತಿದ್ದೆ ಇದನ್ನು. ದಿನಾ...

ಆ ವರ್ಷ ಮಾವಿನ ಹಣ್ಣಿನ ದಿನಗಳಲ್ಲಿ ನೊಣ ವಿಪರೀತ. ಗಂಜಿ ಚೆಲ್ಲಿದ ನೆಲ, ನಿಂತ ಗಟಾರು, ಹಣ್ಣಿನ ಸಿಪ್ಪೆ — ನೊಣಕ್ಕೆ ಇನ್ನೇನು ಬೇಕು. ಬಾದಶಾನ ಕಿವಿಯ ತುದಿಗಳನ್ನು ಅವು ಕಚ್ಚಿ ಕಚ್ಚಿ ಹುಣ್ಣು ಮಾಡಿದ್ದವು. ನಾಯಿ ತಲೆ ಕೊಡವಿದರೆ ಗೋಡೆಗೆ ರಕ್ತದ ಹನಿ ಸಿಡಿಯುತ್ತಿತ್ತು. ಹಗಲು ನೊಣ, ಸಂಜೆಯಾದರೆ ಗಟಾರಿನ ಸೊಳ್ಳೆ. ಅತ್ತೆಗೆ ಆ ನಾಯಿಯ ಮೇಲೆ ಬಹಳ ಜೀವ. ಸಂಜೆ ಅದು ಮಲಗುವ ಜಾಗದಲ್ಲಿ ಬೇವಿನ ಸೊಪ್ಪಿನ ಹೊಗೆ ಹಾಕುವರು, ಹೊಗೆಗೆ ನಾಯಿಯೇ ಎದ್ದು ಹೋಗುವುದು. “ಎಲ್ಲಾರಿಗೂ ಮದ್ದ ಹೇಳ್ತಿ, ಈ ಮೂಕ ಜೀವಕ್ಕೊಂದ ಏನರೆ ಮಾಡವಾ” ಅಂದರು ನನಗೆ. ಅಷ್ಟು ಸಾಕಾಯಿತು ನನಗೆ, ಸೆರಗು ಸಿಕ್ಕಿಸಿಕೊಂಡು ನಿಂತೆ.

ಮೊದಲು ಬೇವಿನೆಣ್ಣೆಗೆ ಅರಿಶಿನ ಕಲಸಿ ಕಿವಿಗೆ, ಕುತ್ತಿಗೆಗೆ, ಬೆನ್ನಿಗೆ ಹಚ್ಚಿದೆ. ನೊಣ ಕಡಿಮೆಯಾದವು. ಅದನ್ನೇ ಮುಂದುವರಿಸಿದ್ದರೆ ಇವತ್ತು ಇದನ್ನು ಬರೆಯುತ್ತಿರಲಿಲ್ಲ. ಆದರೆ ಒಂದು ಮುಂಜಾನೆ ಗೌರಕ್ಕನ ಹಾಸು ಓಣಿಯಲ್ಲಿ ಬಿಗಿದು ನಿಂತಾಗ, ಮೈತುಂಬ ಎಣ್ಣೆ ಮೆತ್ತಿಕೊಂಡ ಬಾದಶಾ ಅದರ ಕೆಳಗೆ ನುಸುಳಿ, ಬೆನ್ನು ತುರಿಸಿಕೊಳ್ಳುತ್ತ ಈ ತುದಿಯಿಂದ ಆ ತುದಿಗೆ ಹೋಯಿತು. ನೂಲಿಗೆ ಎಣ್ಣೆ ಹತ್ತಿತು. ಎಣ್ಣೆ ಹತ್ತಿದ ಎಳೆ ಗಂಜಿ ಹಿಡಿಯುವುದಿಲ್ಲ. ಮಗ್ಗದಲ್ಲಿ ಪಟಪಟ ಹರಿಯುತ್ತದೆ. ಇಡೀ ಹಾಸಿನ ಒಂದು ಪಟ್ಟಿ ಹಾಳಾಯಿತು. ಗೌರಕ್ಕ ಕುಂಚ ಎಸೆದಳು. “ಇನ್ನೊಮ್ಮೆ ನನ್ನ ಹಾಸಿನ ತೆಳಗ ಬರ್ಲಿ, ವಿಷಾ ಹಾಕಿ ಕೊಂದಬಿಡ್ತೀನಿ ಇದನ್ನ!” ಅಂತ ಓಣಿ ತುಂಬುವ ಹಾಗೆ ಒದರಿದಳು. ಎಣ್ಣೆ ಹಚ್ಚಿದವಳು ನಾನು ಅಂತ ಅವಳಿಗೆ ಗೊತ್ತಿತ್ತು. ನನಗೆ ಒಂದು ಮಾತೂ ಅನ್ನಲಿಲ್ಲ, ಸಿಟ್ಟನ್ನೆಲ್ಲ ನಾಯಿಯ ಮೇಲೆ ಹಾಕಿದಳು.

ಅದು ನನ್ನನ್ನು ಚುಚ್ಚಿತು. ಬಯ್ದಿದ್ದರೆ ಆಗುತ್ತಿತ್ತು. ಬಯ್ಯದೆ ಬಿಟ್ಟದ್ದು ನನ್ನ ಜಾಣತನಕ್ಕೆ ಆದ ಅವಮಾನ ಅನಿಸಿತು. ಎಣ್ಣೆಯಿಲ್ಲದ, ನೂಲಿಗೆ ಹತ್ತದ, ಮೈಗೆ ಅಂಟಿ ನಿಲ್ಲುವ ಮದ್ದು ಯಾವುದು? ಆಗ ಹೊಳೆಯಿತು — ಗಂಜಿ! ನೂಲಿಗೆ ಅಂಟುವುದು ಕೂದಲಿಗೆ ಅಂಟದೇ? ಒಣಗಿದರೆ ಯಾರ ಹಾಸಿಗೂ ಕಲೆಯಿಲ್ಲ. ಗಂಜಿಯಲ್ಲಿ ನೊಣದ ಔಷಧಿ ಸೇರಿಸಿದರೆ ಕೆಲಸ ಮುಗಿಯಿತು. ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡೆ.

ಔಷಧಿಯೂ ಮನೆಯಲ್ಲೇ ಇತ್ತು. ಅಡರಕಟ್ಟಿಯಲ್ಲಿ ನಮ್ಮ ಅಣ್ಣ ಹತ್ತಿಗೆ ಹೊಡೆದು ಉಳಿದದ್ದನ್ನು ಒಂದು ಸಣ್ಣ ಬಾಟ್ಲಿಯಲ್ಲಿ ತಗಣಿಗೆಂದು ಕೊಟ್ಟಿದ್ದ. “ಭಾಳ ಕೆಟ್ಟದ್ದೈತಿ ತಂಗಿ, ಕೈಗೆ ಹತ್ತಿಸ್ಕೋಬ್ಯಾಡ” ಅಂತ ಹೇಳಿಯೇ ಕೊಟ್ಟಿದ್ದ. ಆದರೆ ಅದೇ ಅಣ್ಣ ನೊಣದ ಕಾಟಕ್ಕೆ ಎತ್ತುಗಳ ಬೆನ್ನಿಗೆ ಅದನ್ನೇ ನೀರಲ್ಲಿ ಕಲಸಿ ಒರೆಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಎತ್ತಿಗೆ ಏನೂ ಆಗಿರಲಿಲ್ಲ. ಎತ್ತಿಗೆ ಆಗದ್ದು ನಾಯಿಗೆ ಏನಾದೀತು? ಎತ್ತಿನ ಬೆನ್ನಿಗೆ ಹಚ್ಚಿದ್ದು ನೀರಲ್ಲಿ ಕಲಸಿದ್ದು, ನಾನು ನಾಯಿಗೆ ಹಚ್ಚಿದ್ದು ಅದರ ಊಟದಲ್ಲೇ ಕಲಸಿದ್ದು — ಈ ಒಂದು ವ್ಯತ್ಯಾಸ ನನ್ನ ತಲೆಗೆ ಹೋಗಲಿಲ್ಲ. ದಿನಾ ಕಣ್ಣೆದುರು ಗಂಜಿ ನೆಕ್ಕುತ್ತಿದ್ದ ನಾಯಿ ಅದು...

ಮುಂದೆ ಒಂದು ದಿನ ಓಣಿಯಲ್ಲಿ ನಮ್ಮದೇ ಹಾಸು. ಕೆಲಸ ಮುಗಿದು ಎಲ್ಲರೂ ಒಳಗೆ ಹೋದ ಮೇಲೆ, ಉಳಿದ ಗಂಜಿಗೆ ಬಾಟ್ಲಿಯಿಂದ ಒಂದಿಷ್ಟು ಸುರುವಿ, ಹಳೆಯ ಕುಂಚದ ತುಂಡಿನಿಂದ ಬಾದಶಾನ ಕಿವಿ, ಕುತ್ತಿಗೆ, ಪಕ್ಕೆ, ಕಾಲು ಎಲ್ಲಕ್ಕೂ ಬಳಿದೆ. ಎಷ್ಟು ಸುರುವಿದೆ ಅನ್ನುವುದೂ ಲಕ್ಷ್ಯದಲ್ಲಿಲ್ಲ. ನಾಯಿ ಸುಮ್ಮನೆ ನಿಂತು ಬಾಲ ಅಲ್ಲಾಡಿಸಿತು. ನನ್ನನ್ನು ನಂಬಿತ್ತು ಅನ್ನಬಹುದು, ಆದರೆ ನಂಬಿಕೆ ಅನ್ನುವ ಮಾತನ್ನು ನಾನು ಹಗುರಾಗಿ ಬಳಸುವ ಹಾಗಿಲ್ಲ. ಯಾಕೆ ಅನ್ನುವುದು ಮುಂದೆ ಬರುತ್ತದೆ.

ಮನೆಗೆಲಸ ಮುಗಿಸಿ ಬಾಗಿಲಿಗೆ ಬಂದು ನೋಡಿದೆ. ಗೌರಕ್ಕ ತನ್ನ ಕಟ್ಟೆಯ ಮೇಲೆ ಕೂತು ಬಾದಶಾನಿಗೆ ರೊಟ್ಟಿ ಮುರಿದು ಹಾಕುತ್ತಿದ್ದಳು. ನನ್ನನ್ನು ಕಂಡು ನಾಚಿದಳು. “ಅವತ್ತ ಭಾಳ ಬಯ್ದ್ನೆಲ್ಲಾ, ಪಾಪ ಅನಸ್ತು” ಅಂದಳು. ನಾನು ನಕ್ಕು ಒಳಗೆ ಬಂದೆ. ಆಗಲೇ ನಾಯಿಯ ಪಕ್ಕೆ, ಮುಂಗಾಲು ಎರಡೂ ತೊಳೆದಷ್ಟು ಸ್ವಚ್ಛ ಇದ್ದವು. ಕಣ್ಣಿಗೆ ಬಿತ್ತು, ಮನಸ್ಸಿಗೆ ಬೀಳಲಿಲ್ಲ.

ಮಧ್ಯಾಹ್ನ ಊಟದ ಹೊತ್ತಿಗೆ ಅತ್ತೆಯ ಕೂಗು ಕೇಳಿ ಹೊರಗೆ ಓಡಿದೆ. ಬಾದಶಾ ಗೌರಕ್ಕನ ಕಟ್ಟೆಯ ಕೆಳಗೆ ಬಿದ್ದಿತ್ತು. ಬಾಯಲ್ಲಿ ನೊರೆ, ನಾಲ್ಕೂ ಕಾಲು ಸೆಟೆದು ನಡುಗುತ್ತಿದ್ದವು. ಯಾರೋ ನೀರು ಹಾಕಿದರು, ಯಾರೋ ಮಜ್ಜಿಗೆ ತಂದರು. ನಾನು ಕಿವಿ ನೋಡಿದೆ. ಮುಂಗಾಲಿನಿಂದ ಒರೆಸಿ ಒರೆಸಿ ಕಿವಿಯ ಗಂಜಿಯನ್ನೂ ತೆಗೆದು ನೆಕ್ಕಿಬಿಟ್ಟಿತ್ತು. ಮೈಮೇಲೆ ಎಲ್ಲೂ ಗಂಜಿ ಉಳಿದಿರಲಿಲ್ಲ. ಎಲ್ಲವೂ ತಿಳಿಯಿತು, ಒಂದೇ ಸಲಕ್ಕೆ ತಿಳಿಯಿತು. ನಾಯಿ ಸುಮಾರು ಹೊತ್ತು ಒದ್ದಾಡಿ ನಮ್ಮೆಲ್ಲರ ಎದುರಿಗೇ ಸತ್ತಿತು.

“ಯಾರ ಹಾಕ್ಯಾರ ವಿಷಾ? ಖರೆ ಹೇಳ್ರಿ!” ಅತ್ತೆ ಓಣಿಯ ನಡುವೆ ನಿಂತು ಕೇಳಿದರು. ಎಲ್ಲರ ಕಣ್ಣು ಗೌರಕ್ಕನ ಕಡೆಗೆ ತಿರುಗಿದವು. ಕಟ್ಟೆಯ ಕೆಳಗೆ ರೊಟ್ಟಿಯ ಚೂರು ಇನ್ನೂ ಬಿದ್ದಿತ್ತು.

“ನಾ ರೊಟ್ಟಿ ಹಾಕೇನಿ ಖರೆ, ಬರೇ ರೊಟ್ಟಿ” ಅಂದಳು ಗೌರಕ್ಕ. “ನಾನೂ ಅದನ್ನ ತಿಂದೇನಿ.”

ಅತ್ತೆ ನನ್ನ ಕಡೆ ತಿರುಗಿದರು. “ಶಕುಂತಲಾ, ನೀ ಬಾಗಲದಾಗ ಇದ್ದಿ. ಈಕಿ ರೊಟ್ಟಿ ಹಾಕಿದ್ದು ನೋಡೀಯೇನು?”

ಗಂಜಿಯ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ದೇವರಾಣೆ, ಬಂದಿತ್ತು. ಆದರೆ ಓಣಿಯ ಅಷ್ಟೂ ಮುಖ, ಅತ್ತೆಯ ಕೆಂಪಗಾದ ಕಣ್ಣು, ಎಲ್ಲಾದಕ್ಕೂ ಮದ್ದು ಗೊತ್ತಿರುವ ಸೊಸೆ ಅನ್ನುವ ನನ್ನ ಹೆಸರು...

“ಹೌದ್ರಿ ಅತ್ತಿ, ನೋಡೇನ್ರಿ” ಅಂದೆ.

ಸುಳ್ಳಲ್ಲ. ನೋಡಿದ್ದೆ. ಒಂದು ಅಕ್ಷರವೂ ಸುಳ್ಳಿಲ್ಲದ ಆ ಮಾತಿಗಿಂತ ದೊಡ್ಡ ಸುಳ್ಳನ್ನು ನಾನು ಜೀವಮಾನದಲ್ಲಿ ಆಡಿಲ್ಲ. ಗೌರಕ್ಕ ನನ್ನನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಹೌದು, ಶಕುಂತಲಾ ನೋಡಿದ್ದಾಳೆ, ನೋಡಿದ್ದನ್ನು ಹೇಳಿದಳು, ಅವಳದೇನು ತಪ್ಪು ಅನ್ನುವ ಹಾಗಿತ್ತು. ನಾನು ಒಳಗೆ ಹೋಗಿ ಗಂಜಿಯ ಬೋಗುಣಿ ತೊಳೆದೆ. ಬಾಟ್ಲಿಯನ್ನು ಕಸದ ಕೆಳಗೆ ಹೂತುಹಾಕಿದೆ.

ಮುಂದಿನದ್ದಕ್ಕೆ ಜಗಳವೂ ಆಗಲಿಲ್ಲ, ಪಂಚಾಯಿತಿಯೂ ಸೇರಲಿಲ್ಲ. ಸುಮ್ಮನೆ ಜನ ಸರಿದರು. ಗೌರಕ್ಕನ ಹಾಸು ಓಣಿಯಲ್ಲಿ ಬಿಚ್ಚಿದ ದಿನ ಒಬ್ಬರಿಗೆ ಸೊಂಟನೋವು, ಇನ್ನೊಬ್ಬರು ಗದಗಕ್ಕೆ ಹೋಗಬೇಕಿತ್ತು, ಮತ್ತೊಬ್ಬರ ಮನೆಯ ಕದ ತೆರೆಯಲೇ ಇಲ್ಲ. ಕುಂಚದ ಸದ್ದು ಒಂಟಿಯಾಗಿ ಕೇಳುತ್ತಿತ್ತು. ಮಕ್ಕಳನ್ನು ಅವಳ ಕಟ್ಟೆಗೆ ಕಳಿಸುವುದು ನಿಂತಿತು. ಅವಳ ಕೈಯಿಂದ ಬಂದದ್ದನ್ನು ಯಾರೂ ಬಾಯಿಗೆ ಇಡಲಿಲ್ಲ. “ನಾಯಿಗೆ ಹಾಕಿದ ಕೈ, ನಾಳೆ ನಮಗ ಹಾಕೂದಿಲ್ಲಂತ ಏನ ಗ್ಯಾರಂಟಿ?” ಅಂದದ್ದು ನಮ್ಮ ಅತ್ತೆಯೇ.

ನಾನು ಹೋದೆ. ಅವಳ ಹಾಸು ಹಿಡಿಯಲು ನಾನೊಬ್ಬಳೇ ಹೋದೆ. ಅತ್ತೆ ಮೂತಿ ತಿರುವಿದರೂ ಹೋದೆ. ಪಂಚಮಿ ಹಬ್ಬಕ್ಕೆ ಗೌರಕ್ಕ ಎಂದಿನಂತೆ ಮನೆಮನೆಗೆ ಉಂಡಿ ಹಂಚಿದಳು — ಶೇಂಗಾದ್ದು, ಎಳ್ಳಿನದು, ಅಳ್ಳಿಟ್ಟಿನದು. ಎಲ್ಲರೂ ತಾಟು ಇಸಿದುಕೊಂಡರು, ಬೇಡ ಅನ್ನಲಿಲ್ಲ. ಮಾರನೆಯ ದಿನ ಗಟಾರಿನಲ್ಲಿ ಉಂಡಿ ಬಿದ್ದಿದ್ದವು. ಅವಳು ಪೊರಕೆ ಹಿಡಿದು ಅದನ್ನೇ ನೋಡುತ್ತ ನಿಂತಿದ್ದಳು. ನಾನು ನಮ್ಮ ಮನೆಗೆ ಬಂದಿದ್ದ ಶೇಂಗಾ ಉಂಡಿ ತಂದು, ಅವಳ ಎದುರಿಗೆ, ಓಣಿಯವರೆಲ್ಲ ನೋಡುತ್ತಿರುವಾಗ ಕಚ್ಚಿ ತಿಂದೆ. ಗೌರಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. “ನೀ ಒಬ್ಬಾಕಿ ನಂಬಿದಿ ನೋಡವಾ ನನ್ನ ಕೈನ” ಅಂದಳು.

ಅವಳ ಕೈಯಲ್ಲಿ ವಿಷ ಇಲ್ಲ ಅಂತ ಗೊತ್ತಿದ್ದವಳು ನಾನೊಬ್ಬಳೇ ಆಗಿದ್ದೆ. ತಿನ್ನಲು ನನಗೇನು ಹೆದರಿಕೆ? ಆದರೆ ಓಣಿಯವರು, ಶಕುಂತಲಾನ ಮನಸ್ಸು ದೊಡ್ಡದು ಅಂದರು. ಅದನ್ನೂ ಕೇಳಿಸಿಕೊಂಡೆ. ಸುಮ್ಮನೇ ಕೇಳಿಸಿಕೊಂಡೆ ಅಂದರೆ ಮತ್ತೆ ಸುಳ್ಳಾಗುತ್ತದೆ. ಸ್ವಲ್ಪ ಹಿತವಾಗಿಯೇ ಕೇಳಿತು.

ಇಬ್ಬರು ಹೆಂಗಸರಿಂದ ಹಾಸು ನಿಲ್ಲುವುದಿಲ್ಲ. ನೂಲು ಜೋಲುಬಿತ್ತು, ಎಳೆ ಅಂಟಿದವು, ಸೀರೆ ಕೆಟ್ಟವು. ಮುಂದಿನ ಬೇಸಿಗೆಯ ಹೊತ್ತಿಗೆ ಗೌರಕ್ಕ ಮಗ್ಗ ಬಿಚ್ಚಿದಳು. ಕುಣಿಯನ್ನು ತಾನೇ ಮಣ್ಣು ಹೊತ್ತು ತಂದು ಮುಚ್ಚಿದಳು. ನಾನೂ ಒಂದೆರಡು ಬುಟ್ಟಿ ಮಣ್ಣು ಹಾಕಿದೆ. ಹೌದು, ಹಾಕಿದೆ. ಆ ಕುಣಿಯ ಅಂಚಿಗೆ ನಿಂತು ಹೇಳಿಬಿಡಬಹುದಿತ್ತು, ಮನೆಯಲ್ಲಿ ನಾವಿಬ್ಬರೇ ಇದ್ದೆವು. ಹೇಳಲಿಲ್ಲ. ಅವಳು ಲಕ್ಷ್ಮೇಶ್ವರದಲ್ಲಿದ್ದ ತಮ್ಮನ ಮನೆಗೆ ಹೋದಳು.

ಆಮೇಲೆ ಬದುಕು ತನ್ನಷ್ಟಕ್ಕೆ ನಡೆಯಿತು. ಅತ್ತೆ ಹೋದರು, ಕಡೆಯವರೆಗೂ ಗೌರಕ್ಕನೇ ಹಾಕಿದ್ದು ಅಂತ ನಂಬಿ ಹೋದರು. ಓಣಿಯ ಮಗ್ಗಗಳೂ ಒಂದೊಂದಾಗಿ ನಿಂತವು. ಯಾರಿಗಾದರೂ ಮದ್ದು ಹೇಳುವುದನ್ನು ಮಾತ್ರ ನಾನು ಅವತ್ತೇ ಬಿಟ್ಟಿದ್ದೆ. ಅದೊಂದು ಶಿಕ್ಷೆ ಅಂದುಕೊಂಡಿದ್ದೆ. ಎಂಥ ಅಗ್ಗದ ಶಿಕ್ಷೆ!

ಈ ವರ್ಷ ಒಂದು ಮದುವೆಗೆಂದು ಲಕ್ಷ್ಮೇಶ್ವರಕ್ಕೆ ಹೋಗಿದ್ದೆ. ಊಟದ ಪಂಕ್ತಿಯಲ್ಲಿ ಪಕ್ಕದ ಹೆಂಗಸು, ರೊಟ್ಟಿ ಬಡಿಯುವ ಒಬ್ಬ ಗೌರಕ್ಕನ ಮಾತು ತೆಗೆದಳು. ಯಾವುದೋ ಖಾನಾವಳಿಗೆ ರೊಟ್ಟಿ ಮಾಡಿಕೊಡುತ್ತಾಳಂತೆ, ಅವಳ ಕೈ ರೊಟ್ಟಿಗೆ ಜನ ಕಾದು ನಿಲ್ಲುತ್ತಾರಂತೆ, ಮೊದಲು ಬೆಟಗೇರಿಯಲ್ಲಿ ನೇಯುತ್ತಿದ್ದಳಂತೆ. ಮನೆ ಕೇಳಿಕೊಂಡು ಹೋದೆ. ಹೇಳಬೇಕು ಅಂತಲೇ ಹೋದೆನೋ, ಸುಮ್ಮನೆ ನೋಡಿ ಬರಲು ಹೋದೆನೋ — ಈಗ ಖಾತ್ರಿಯಾಗಿ ಹೇಳಲಾರೆ.

ಅವಳು ಅಂಗಳದ ಬೇವಿನ ಗಿಡದ ಕೆಳಗೆ ಕೂತಿದ್ದಳು. ಕೂದಲು ಪೂರಾ ಬೆಳ್ಳಗಾಗಿತ್ತು. ಕಾಲ ಹತ್ತಿರ ಒಂದು ಕರಿ ನಾಯಿ. ಅದರ ಕಿವಿಯ ತುದಿಗೆ ಅದೇ ಹುಣ್ಣು, ಅದೇ ನೊಣ. ಅವಳು ಹಳೆಯ ಅರಿವೆಯನ್ನು ಉಪ್ಪುನೀರಲ್ಲಿ ಅದ್ದಿ ನಿಧಾನಕ್ಕೆ ಒರೆಸುತ್ತಿದ್ದಳು. ನನ್ನ ಗುರುತು ಹಿಡಿಯಲು ಸ್ವಲ್ಪ ಹೊತ್ತಾಯಿತು. ಹಿಡಿದ ಮೇಲೆ ಮುಖ ಅರಳಿದ್ದನ್ನು ನಾನು ನೋಡಬಾರದಾಗಿತ್ತು.

“ಶಕುಂತಲಾ! ಬಾರವಾ, ಕುಂಡ್ರ ಬಾ” ಅಂದಳು. ತಮ್ಮನ ಸೊಸೆಯನ್ನು ಕರೆದು ತೋರಿಸಿದಳು. “ನಾ ಹೇಳತಿದ್ದ್ನೆಲ್ಲಾ, ಇಡೀ ಓಣಿ ಕೈ ಬಿಟ್ಟಾಗ ಒಬ್ಬಾಕಿ ನನ್ನ ಉಂಡಿ ತಿಂದ್ಲು ಅಂತ, ಈಕಿನ ನೋಡ.”

ಆ ಹುಡುಗಿ ನನ್ನ ಕಾಲಿಗೆ ನಮಸ್ಕಾರ ಮಾಡಿ ಒಳಗೆ ಹೋದಳು. ನಾನು ಕಾಲು ಹಿಂದಕ್ಕೆ ಎಳೆದುಕೊಳ್ಳುವಷ್ಟು ಹೊತ್ತೂ ಸಿಗಲಿಲ್ಲ. ಗೌರಕ್ಕ ನಾಯಿಯ ಕಿವಿ ಎತ್ತಿ ತೋರಿಸಿದಳು.

“ದನದ ಡಾಕ್ಟರ್ ಒಂದ ಮುಲಾಮ ಕೊಟ್ಟಿದ್ದ, ತೀರೇತಿ. ನೊಣಾ ಬಿಡವಲ್ವು. ನಿನಗ ಎಲ್ಲಾ ಗೊತ್ತಿರ್ತಿತ್ತಲಾ, ಏನ ಹಚ್ಚಬೇಕ ಹೇಳವಾ.”

ನಾನು ಹೇಳಿದೆ. ಯಾವ ಮದ್ದು ಹಚ್ಚಬೇಕು ಅಂತಲ್ಲ. ಯಾವುದನ್ನು ಹಚ್ಚಿದ್ದೆ ಅಂತ. ಗಂಜಿ, ಹತ್ತಿಯ ಔಷಧಿ, ಹಳೆಯ ಕುಂಚ, ನೆಕ್ಕಿ ಸ್ವಚ್ಛವಾಗಿದ್ದ ಮುಂಗಾಲು, ಬೋಗುಣಿ ತೊಳೆದದ್ದು — ಎಲ್ಲವನ್ನೂ ತಲೆ ತಗ್ಗಿಸಿ ಹೇಳಿದೆ. “ಗೌರಕ್ಕಾ, ಬಾದಶಾನ್ನ ಕೊಂದಾಕಿ ನಾನ್ರಿ. ಗೊತ್ತಿದ್ದೂ ನಿಮ್ಮ ಹೆಸರಿಗೆ ಬಿಟ್ಟೆ.”

ಅವಳ ಕೈ ನಾಯಿಯ ಕಿವಿಯ ಮೇಲೆ ನಿಂತಿತು. ಬಯ್ಯುತ್ತಾಳೆ ಅಂದುಕೊಂಡೆ. ಕಾದೆ. ಅವಳ ಹಳೆಯ ಸಿಟ್ಟು, ಆ ಹಾಲು ಉಕ್ಕುವ ಸಿಟ್ಟು ಬಂದಿದ್ದರೆ ನನಗೆ ಎಷ್ಟು ಸಮಾಧಾನವಾಗುತ್ತಿತ್ತು! ಬರಲಿಲ್ಲ. ಅವಳು ಅರಿವೆ ಹಿಂಡಿ ಗಿಡದ ಟೊಂಗೆಗೆ ಹಾಕಿದಳು, ಕೈ ತೊಳೆದುಕೊಂಡಳು, ಒಳಗೆ ಹೋದಳು. ಸ್ಟೋವಿನ ಸದ್ದು ಕೇಳಿತು. ಬಹಳ ಹೊತ್ತು ಬರಲಿಲ್ಲ. ನಾನೂ ನಾಯಿಯೂ ಅಂಗಳದಲ್ಲಿ ಕೂತಿದ್ದೆವು. ನೊಣ ಮತ್ತೆ ಬಂದು ಅದರ ಕಿವಿಗೆ ಮುತ್ತಿದವು, ನಾನು ಸೆರಗಿನಿಂದ ಓಡಿಸುತ್ತಿದ್ದೆ.

ಗೌರಕ್ಕ ಒಂದು ಕಪ್ಪಿನಲ್ಲಿ ಚಹಾ ತಂದು ನನ್ನ ಮುಂದಿಟ್ಟಳು. ತನಗೆ ತಂದುಕೊಳ್ಳಲಿಲ್ಲ. ಎದುರಿಗೆ ಕೂತಳು.

“ಓಣಿ ಹೋತು, ಮಗ್ಗಾ ಹೋತು, ಅದರ ದುಃಖ ತೀರೇತಿ ನನಗ” ಅಂದಳು. “ಆದ್ರ ಆ ಉಂಡಿ... ಒಬ್ಬಾಕ್ಯರೆ ನನ್ನ ನಂಬಿ ತಿಂದ್ಲು ಅಂತ ಇಷ್ಟ ದಿನಾ ಅದನ್ನ ಹಿಡಕೊಂಡ ಕುಂತಿದ್ನಿ. ಹೊರಗಿನವರಿಗೆ ರೊಟ್ಟಿ ಮಾಡಿ ಹಾಕಾಕ ಧೈರ್ಯ ಬಂದದ್ದೂ ಅದರಿಂದನ. ನೀ ನಂಬಿ ತಿಂದಿಲ್ಲ. ನಿನಗ ಗೊತ್ತಿತ್ತು, ಅದಕ್ಕ ತಿಂದಿ.”

ಅವಳು ಕಪ್ಪನ್ನು ನನ್ನ ಕಡೆಗೆ ಸರಿಸಿದಳು.

“ಈಗ ಕುಡಿ ನೋಡೂಣು.”

ಕಪ್ಪು ಎತ್ತಿದೆ. ಬಾಯಿಯ ಹತ್ತಿರ ತಂದೆ — ಅಲ್ಲಿ ನನ್ನ ಕೈ ನಿಂತಿತು. ಒಂದೇ ಒಂದು ಗಳಿಗೆ. ಇವಳ ಬದುಕು ಹಾಳುಮಾಡಿದವಳು ನಾನು ಅಂತ ಇವಳಿಗೆ ಈಗಷ್ಟೇ ತಿಳಿದಿದೆ, ಒಳಗೆ ಅಷ್ಟು ಹೊತ್ತು ಏನು ಮಾಡುತ್ತಿದ್ದಳು ಅನ್ನುವ ವಿಚಾರ ನನ್ನ ತಲೆಯಲ್ಲಿ ಹಾದು ಹೋಯಿತು. ಹೌದು, ನನ್ನ ತಲೆಯಲ್ಲಿ! ಅವತ್ತಿನ ಆ ರೊಟ್ಟಿ ಬರೀ ರೊಟ್ಟಿ ಅಂತ ಜಗತ್ತಿನಲ್ಲಿ ಗೊತ್ತಿದ್ದ ಒಬ್ಬಳೇ ಒಬ್ಬಳ ತಲೆಯಲ್ಲಿ. ಮರುಗಳಿಗೆಗೆ ಗಟಗಟ ಕುಡಿದೆ, ನಾಲಿಗೆ ಸುಟ್ಟುಕೊಂಡು ತಳದ ಚರಟದವರೆಗೂ ಕುಡಿದೆ. ಬರೀ ಚಹಾ. ಸಕ್ಕರೆ ಜಾಸ್ತಿಯಾಗಿದ್ದ, ಒಳ್ಳೆಯ ಚಹಾ.

ಆದರೆ ಕೈ ನಿಂತದ್ದನ್ನು ಗೌರಕ್ಕ ನೋಡಿದ್ದಳು. ಖಾಲಿ ಕಪ್ಪು ಇಸಿದುಕೊಂಡು, “ಬಸ್ ತಪ್ಪೀತು, ಹೊಂಡು” ಅಂದಳು. ಗೇಟಿನವರೆಗೆ ಬರಲಿಲ್ಲ. ಹೊರಳಿ ನೋಡಿದಾಗ ಮತ್ತೆ ಗಿಡದ ಕೆಳಗೆ ಕೂತು ನಾಯಿಯ ಕಿವಿ ಒರೆಸುತ್ತಿದ್ದಳು.

ಕ್ಷಮೆ ಕೇಳಲಿಲ್ಲ ನಾನು. ಕೇಳಿದರೆ ಅದನ್ನೂ ಅವಳೇ ಕೊಡಬೇಕಾಗುತ್ತಿತ್ತು. ಮನೆಗೆ ಬಂದು ಯಜಮಾನರಿಗೆ ಹೇಳಿದೆ. ಅವರು “ಈಗ ಯಾಕ ಅದೆಲ್ಲಾ, ನಾಯಿ ಸತ್ತ ಎಷ್ಟ ವರ್ಷಾತು” ಅಂದರು. ನಾಯಿಯ ಮಾತಲ್ಲ ಇದು ಅಂತ ಅವರಿಗೆ ತಿಳಿಸಲು ನನ್ನಿಂದ ಆಗಲಿಲ್ಲ. ಅದಕ್ಕೇ ಬರೆಯಲು ಕೂತೆ.

ಪಂಚಮಿ ಹತ್ತಿರ ಬಂದಿದೆ. ಅವತ್ತಿನವರು ಕೆಲವರು ಓಣಿಯಲ್ಲಿ ಇನ್ನೂ ಇದ್ದಾರೆ, ಅವರ ಮಕ್ಕಳಿದ್ದಾರೆ, ಆ ಮಕ್ಕಳಿಗೂ ಗೌರಕ್ಕ ಅಂದರೆ ನಾಯಿಗೆ ವಿಷ ಹಾಕಿದಾಕೆ ಅಂತಲೇ ಗೊತ್ತು. ಉಂಡಿ ಕೊಡಲು ಮನೆಮನೆಗೆ ಹೋಗುತ್ತೇನೆ. ತಾಟು ಕೈಗೆ ಕೊಡುವ ಮೊದಲು ಗಂಜಿಯ ಸಂಗತಿ ಹೇಳುತ್ತೇನೆ. ಆಮೇಲೆ ಅವರು ನನ್ನ ಉಂಡಿ ತಿನ್ನಲಿ, ಗಟಾರಿಗೆ ಹಾಕಲಿ. 

ಚಹಾದ ಕಪ್ಪು ಹಿಡಿದು ನನ್ನ ಕೈ ನಿಂತದ್ದನ್ನೂ ಹೇಳುತ್ತೇನೆ.